ಬಿ.ಎ. ಪದವಿ: ಒಂದೇ ವಿಷಯವೋ, ಮೂರು ವಿಷಯವೋ?

(ಪಿಯುಸಿ ಮುಗಿಸಿದ ಕಲಾ ವಿಭಾಗದ ವಿದ್ಯಾರ್ಥಿಗಳಿಗಾಗಿ ಇಬ್ರಾಹಿಂಪುರದಲ್ಲಿ ನಮ್ಮ ಸಂಸ್ಥೆ ಏರ್ಪಡಿಸಿದ್ದ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಇಂಥ ಸಭೆಗಳಲ್ಲಿ ವೈದ್ಯಕೀಯ, ಇಂಜಿನಿಯರಿಂಗ್, ನರ್ಸಿಂಗ್ ಶಿಕ್ಷಣದ ಬಗ್ಗೆ ಮಾತನಾಡಲು ದೊಡ್ಡ ದೊಡ್ಡವರು ಬರುತ್ತಾರೆ. ಆಗ ಕಲಾ ವಿಭಾಗದ ಮಕ್ಕಳು ಹಿಂದಿನ ಸಾಲಿನಲ್ಲಿ ಕುಳಿತು ಚಹಾ ಯಾವಾಗ ಬರುತ್ತದೆಂದು ನೋಡುತ್ತಿರುತ್ತಾರೆ. ಒಂದು ಕಾಲಕ್ಕೆ ನಾನೂ ಆ ಸಾಲಿನಲ್ಲಿ ಕುಳಿತವಳೇ. ಆದ್ದರಿಂದ ಈ ಸಲ ಕಲಾ ವಿಭಾಗದವರಿಗಾಗಿಯೇ ಎರಡು ಮಾತು ಆಡಿರಿ ಎಂದು ಕಾರ್ಯದರ್ಶಿಗಳು ಕೇಳಿದಾಗ ಬಹಳ ಸಂತೋಷವಾಯಿತು.

2024ರ ಬೇಸಿಗೆಯಲ್ಲಿ ನಮ್ಮ ಓಣಿಯ ಒಬ್ಬ ಹುಡುಗಿ ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದು, ತಂದೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ತಂದೆ ಗೌಂಡಿ ಕೆಲಸ ಮಾಡುವವರು. ಹುಡುಗಿಗೆ ಅಲಿಗಢಕ್ಕೆ ಹೋಗಿ ಉರ್ದು ಒಂದನ್ನೇ ಹಿಡಿದು ಬಿ.ಎ. ಆನರ್ಸ್ ಓದುವ ಆಸೆ. ತಂದೆಗೆ ಊರಲ್ಲಿಯೇ ಇತಿಹಾಸ, ಕನ್ನಡ, ಉರ್ದು ಮೂರನ್ನೂ ಓದಿಸುವ ವಿಚಾರ. ಅವರು ನನ್ನನ್ನು ಕೇಳಿದ್ದು ಹೀಗೆ: "ಟೀಚರ್, ಒಂದ ವಿಷಯ ಓದಿದ್ರ ಒಂದ ಬಾಗಲಾ, ಮೂರು ಓದಿದ್ರ ಮೂರು ಬಾಗಲಾ. ಹೌದಲ್ರೀ?"

ನನಗೆ ತಟ್ಟನೆ ಉತ್ತರ ಹೇಳಲಾಗಲಿಲ್ಲ. ಆ ದಿನ ಅವರಿಗೆ ತುಂಡು ತುಂಡಾಗಿ ಹೇಳಿದ್ದನ್ನೇ ಇಂದು ನಿಮ್ಮ ಮುಂದೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಈ ಎರಡು ಬಗೆಯ ಪದವಿಗಳು ಯಾವುವು ಎಂಬುದನ್ನು ತಿಳಿಯೋಣ. ನಮ್ಮ ಕಡೆ ಬಿ.ಎ. ಎಂದರೆ ಬಹುಕಾಲದಿಂದ ಮೂರು ಐಚ್ಛಿಕ ವಿಷಯಗಳ ಪದವಿ. ಎಚ್‌ಇಪಿ, ಎಚ್‌ಇಎಸ್ ಎಂದು ನಾವು ಕಾಂಬಿನೇಷನ್ ಹೆಸರಿನಿಂದಲೇ ಅದನ್ನು ಕರೆಯುತ್ತೇವೆ. ಅಲಿಗಢ, ಜಾಮಿಯಾ ಮಿಲ್ಲಿಯಾ, ದೆಹಲಿ ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯವನ್ನು ಮುಖ್ಯವಾಗಿ ಹಿಡಿದು ಓದುವ ಆನರ್ಸ್ ಪದವಿ ಹೆಚ್ಚು ಪ್ರಸಿದ್ಧ. ದೆಹಲಿಯಲ್ಲಿ ಎರಡು ವಿಷಯ ಕೂಡಿಸಿ ಓದುವ ಬಿ.ಎ. ಪ್ರೋಗ್ರಾಂ ಕೂಡ ಇದೆ, ಆದರೆ ನಮ್ಮ ಹುಡುಗರಿಗೆ 'ಆನರ್ಸ್' ಎಂಬ ಶಬ್ದದ ಮೇಲೆಯೇ ಮೋಹ. ಹಲವು ವಿಷಯ ಕೂಡಿಸಿ ಓದುವುದು ಕೆಳದರ್ಜೆಯದು ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಮೂರನ್ನೂ ಸೇರಿಸಿದ ಪದವಿ 1920ರ ದಶಕದ ಆರಂಭದಿಂದಲೂ ಇದೆ. ಅದನ್ನು ಓದಿದವರು ಪ್ರಧಾನಮಂತ್ರಿಗಳಾಗಿದ್ದಾರೆ.

ನಮ್ಮ ರಾಜ್ಯದಲ್ಲಿ ಈಚೆಗೆ ಈ ವಿಷಯದಲ್ಲಿ ಬಹಳ ಗೊಂದಲವಾಯಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿ ಮೊದಲು ಜಾರಿಗೆ ತಂದವರೇ ನಾವು. ಆಗ ಮೂರರ ಬದಲು ಎರಡು ವಿಷಯಗಳು ಬಂದವು. ಮೂರನೇ ವರ್ಷದಲ್ಲಿ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಿಕೊಳ್ಳಬಹುದಿತ್ತು, ಇಲ್ಲವೆ ಎರಡನ್ನೂ ಸಮವಾಗಿ ಓದಬಹುದಿತ್ತು. ನಾಲ್ಕನೇ ವರ್ಷ ಓದಿದರೆ ಆನರ್ಸ್. 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷದ, ಮೂರು ವಿಷಯಗಳ ಪದವಿಯನ್ನು ತಂದಿತು. ಆದ್ದರಿಂದ ಒಂದೇ ಮನೆಯಲ್ಲಿ ಅಣ್ಣ ಎರಡು ವಿಷಯ ಓದಿದ್ದರೆ ತಂಗಿ ಮೂರು ಓದುತ್ತಿರುತ್ತಾಳೆ. ಅಣ್ಣನ ಅನುಭವ ಕೇಳಿ ತಂಗಿ ಅರ್ಜಿ ತುಂಬಿದರೆ ತಪ್ಪಾಗುತ್ತದೆ. ಅದರ ಮೇಲೆ ನಮ್ಮ ಊರಿನ ಮಹಿಳಾ ಕಾಲೇಜುಗಳು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ, ಉಳಿದ ಕಾಲೇಜುಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿವೆ. ನಿಮ್ಮ ಕಾಲೇಜು ಯಾವುದಕ್ಕೆ ಸೇರಿದೆಯೋ ಆ ವಿಶ್ವವಿದ್ಯಾಲಯದ ನಿಯಮವೇ ನಿಮಗೆ ನಿಯಮ.

ಇನ್ನು ನನ್ನ ಒಂದು ತಪ್ಪಿನ ಕಥೆ ಹೇಳುತ್ತೇನೆ. ಇದನ್ನು ಹೇಳಲಿಕ್ಕೆಂದೇ ನಾನು ಬಂದಿರುವುದು ಎಂದರೂ ಸರಿಯೆ.

ಬಿ.ಎ.ಯಲ್ಲಿ ಉರ್ದು ಎರಡು ರೀತಿಯಲ್ಲಿ ಇರುತ್ತದೆ, ಕನ್ನಡವೂ ಹಾಗೆಯೇ. ಒಂದು ಬೇಸಿಕ್, ಅಂದರೆ ಎಲ್ಲರೂ ಭಾಷೆ ಎಂದು ಓದಲೇಬೇಕಾದದ್ದು. ಇನ್ನೊಂದು ಆಪ್ಷನಲ್, ಅಂದರೆ ಮೂರು ಮುಖ್ಯ ವಿಷಯಗಳಲ್ಲಿ ಒಂದು. ನಾನು ಪ್ರವೇಶ ಪಡೆದ ದಿನ ಕೌಂಟರಿನಲ್ಲಿದ್ದವರು "ಉರ್ದು ಐತಲ್ಲವಾ, ಬೇಸಿಕ್‌ದಾಗ ಐತಿ, ಎಲ್ಲಾ ಒಂದ" ಎಂದರು. ನಾನು ಕನ್ನಡ ಮತ್ತು ಇತಿಹಾಸವನ್ನು ಐಚ್ಛಿಕವಾಗಿ ಬರೆದೆ. ಮೂರನೆಯದಕ್ಕೆ ಗೆಳತಿಯರೆಲ್ಲ ಸಮಾಜಶಾಸ್ತ್ರ ಬರೆದಿದ್ದರು, ನಾನೂ ಅದನ್ನೇ ಬರೆದೆ. ಉರ್ದು ಬೇಸಿಕ್‌ನಲ್ಲಿ ಉಳಿಯಿತು. ಮನೆಯಲ್ಲಿ ಮಾತನಾಡುವುದು ದಖನಿ, ಓದುವುದು ಉರ್ದು, ಅದು ನನ್ನಿಂದ ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ. ಬಿ.ಎಡ್. ಪ್ರವೇಶದ ಸಮಯದಲ್ಲಿ ಉರ್ದು ಬೋಧನೆ ವಿಷಯ ಕೇಳಿದಾಗ ಅಂಕಪಟ್ಟಿ ತಿರುವಿ ನೋಡಿ, "ಉರ್ದು ಐಚ್ಛಿಕ ಎಲ್ಲಿದೆ?" ಎಂದು ಕೇಳಿದರು. ನನ್ನ ಬಾಯಿ ಕಟ್ಟಿತು. ಮುಂದೆ ಉರ್ದು ಎಂ.ಎ.ಯನ್ನು ಬಾಹ್ಯವಾಗಿ ಓದಿ ಆ ಗುಂಡಿ ತುಂಬುವಷ್ಟರಲ್ಲಿ ನಾಲ್ಕು ವರ್ಷ ಕಳೆದವು. ಒಂದು ಚೌಕದಲ್ಲಿ ಹಾಕಬೇಕಾದ ಗುರುತನ್ನು ಪಕ್ಕದ ಚೌಕದಲ್ಲಿ ಹಾಕಿದ್ದಕ್ಕೆ ನಾಲ್ಕು ವರ್ಷ!

ಅಂದರೆ ಮೂರು ವಿಷಯ ಓದಿದ ಮಾತ್ರಕ್ಕೆ ಮೂರು ಬಾಗಿಲು ತೆರೆಯುವುದಿಲ್ಲ. ಯಾವ ಮೂರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಾಗಾಗಿ ಮುಂದೆ ಏನಾಗಬೇಕು ಎಂಬುದರಿಂದ ಆರಂಭಿಸಿ ಹಿಂದಕ್ಕೆ ಲೆಕ್ಕ ಹಾಕಿರಿ.

ನಮ್ಮಲ್ಲಿ ಕಲಾ ವಿಭಾಗದ ಬಹುಪಾಲು ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಶಿಕ್ಷಕರಾಗಲು ಬಯಸುತ್ತಾರೆ. ಬಿ.ಎಡ್. ಈಗ ಎರಡು ವರ್ಷದ್ದು. ಅದರಲ್ಲಿ ಎರಡು ಶಾಲಾ ವಿಷಯಗಳ ಬೋಧನಾ ಕ್ರಮ ಕಲಿಯಬೇಕು, ಆ ವಿಷಯಗಳಿಗೆ ಪದವಿಯೇ ತಳಹದಿ. ಕನ್ನಡ, ಉರ್ದು, ಇತಿಹಾಸ ಓದಿದವರಿಗೆ ಇಲ್ಲಿ ಆಯ್ಕೆ ಇರುತ್ತದೆ. ಒಂದೇ ವಿಷಯದ ಪದವಿ ಪಡೆದು ಬಂದವರು ಎರಡನೆಯದಕ್ಕಾಗಿ ಪರದಾಡಬೇಕಾಗುತ್ತದೆ. ಶಿಕ್ಷಕರ ಅರ್ಹತಾ ಪರೀಕ್ಷೆಯನ್ನೇ ನೋಡಿರಿ. ಆರರಿಂದ ಎಂಟನೇ ತರಗತಿಗೆ ಇರುವ ಎರಡನೇ ಪತ್ರಿಕೆ 150 ಅಂಕಗಳದ್ದು. ಅದರಲ್ಲಿ ಮೊದಲ ಭಾಷೆಗೆ 30, ಎರಡನೇ ಭಾಷೆಗೆ 30, ಶಿಶು ಮನೋವಿಜ್ಞಾನ ಮತ್ತು ಬೋಧನೆಗೆ 30, ಸಮಾಜ ವಿಜ್ಞಾನಕ್ಕೆ 60. ಕೂಡಿಸಿ ಓದಿದವರಿಗೆ ಈ ಪತ್ರಿಕೆ ಹೊಸದೆನಿಸುವುದಿಲ್ಲ.

ಪಿಯು ಕಾಲೇಜಿನ ಉಪನ್ಯಾಸಕರಾಗಬೇಕೆಂದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಸ್ನಾತಕೋತ್ತರ ಪದವಿ ಒಂದೇ ವಿಷಯದ್ದು. ಪದವಿ ಕಾಲೇಜಿಗೆ ಬೇಕಾದ ನೆಟ್, ಕೆ-ಸೆಟ್ ಪರೀಕ್ಷೆಗಳೂ ಆ ಒಂದು ವಿಷಯದಲ್ಲಿಯೇ. ಮೂರು ವಿಷಯಗಳನ್ನು ಪಾಸಾಗುವಷ್ಟೇ ಓದಿ ಎಂ.ಎ.ಗೆ ಹೋದವರು, ಮೂರು ವರ್ಷ ಒಂದನ್ನೇ ಅರೆದು ಕುಡಿದು ಬಂದವರ ಪಕ್ಕದಲ್ಲಿ ಕುಳಿತಾಗ ಮೊದಲ ಆರು ತಿಂಗಳು ಕಣ್ಣು ಕಣ್ಣು ಬಿಡುತ್ತಾರೆ. ಈ ಮಾತನ್ನು ಮುಚ್ಚಿಡಬಾರದು. 2024ರಲ್ಲಿ ಯುಜಿಸಿ ಇನ್ನೊಂದು ಅವಕಾಶ ಮಾಡಿಕೊಟ್ಟಿತು. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರು ಎಂ.ಎ. ಇಲ್ಲದೆಯೇ ಪಿಎಚ್.ಡಿ.ಗಾಗಿ ನೆಟ್ ಬರೆಯಬಹುದು. ಸಂಶೋಧನೆಯ ಹುಚ್ಚು ಇರುವವರಿಗೆ, ಹೊರಗೆ ಹೋಗಿ ಓದುವ ಅನುಕೂಲ ಇರುವವರಿಗೆ ಅದು ಒಳ್ಳೆಯ ದಾರಿ.

ಐ.ಎ.ಎಸ್., ಕೆ.ಎ.ಎಸ್. ಎಂದು ಕನಸು ಕಾಣುವವರಿಗೆ ಯಾವ ಪದವಿಯಾದರೂ ನಡೆಯುತ್ತದೆ. ಕೇಂದ್ರದ ಪರೀಕ್ಷೆಯಲ್ಲಿ ಮೊದಲು ಎರಡು ಐಚ್ಛಿಕ ವಿಷಯಗಳಿದ್ದವು, 2013ರಿಂದ ಒಂದೇ. ಆ ಪಟ್ಟಿಯಲ್ಲಿ ಕನ್ನಡ ಸಾಹಿತ್ಯವೂ ಇದೆ, ಉರ್ದು ಸಾಹಿತ್ಯವೂ ಇದೆ. ಅವನ್ನು ಪದವಿಯಲ್ಲಿ ಓದಿರಲೇಬೇಕೆಂದಿಲ್ಲ. ಕಾನೂನು ಓದುವವರಿಗೂ ಕಾಂಬಿನೇಷನ್ ಅಡ್ಡಿಯಾಗುವುದಿಲ್ಲ.

ಇಷ್ಟೆಲ್ಲ ನೌಕರಿಯ ಲೆಕ್ಕವಾಯಿತು. ಆದರೆ ನಮ್ಮ ಊರಿಗೆ ಸಂಬಂಧಿಸಿದ ಇನ್ನೊಂದು ಲೆಕ್ಕವಿದೆ. ಊರಿನ ಪಶ್ಚಿಮಕ್ಕೆ ಇರುವ ಇಬ್ರಾಹಿಂ ರೋಜಾಕ್ಕೆ ನೀವೆಲ್ಲ ಹೋಗಿದ್ದೀರಿ, ಹೆಚ್ಚಾಗಿ ಫೋಟೋ ತೆಗೆಸಿಕೊಳ್ಳಲು. ಅದರ ಗೋಡೆಯ ಮೇಲಿರುವ ಅರಬಿ, ಪರ್ಷಿಯನ್ ಬರಹವನ್ನು ನಿಂತು ಓದಬಲ್ಲವರು ನಮ್ಮಲ್ಲಿ ಎಷ್ಟು ಜನ? 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ 'ಕಿತಾಬ್-ಎ-ನೌರಸ್' ಬರೆದದ್ದು ದಖನಿಯಲ್ಲಿ. ಅದೇ ದೊರೆಯ ಆಸ್ಥಾನದಲ್ಲಿದ್ದ ಫರಿಶ್ತಾ ಇತಿಹಾಸ ಬರೆದದ್ದು ಪರ್ಷಿಯನ್‌ನಲ್ಲಿ. ಸುತ್ತಲಿನ ಜನರ ಮಾತು ಕನ್ನಡ. ಹಾಗಿದ್ದಮೇಲೆ ವಿಜಯಪುರದ ಇತಿಹಾಸ ಓದಲು ಹೊರಟವರಿಗೆ ಇತಿಹಾಸ ಒಂದೇ ಸಾಲುವುದಿಲ್ಲ, ಉರ್ದು ಒಂದೇ ಸಾಲುವುದಿಲ್ಲ, ಕನ್ನಡ ಒಂದೇ ಸಾಲುವುದಿಲ್ಲ.

ನಮ್ಮ ಊರಿನ ಸೂಫಿಗಳ ಮೇಲೆ ಹೆಸರಾಂತ ಗ್ರಂಥ ಬರೆದವರು ಅಮೆರಿಕದ ರಿಚರ್ಡ್ ಈಟನ್. ಅದು 1978ರಲ್ಲಿ ಪ್ರಕಟವಾಯಿತು. ದೂರದಿಂದ ಬಂದವರು ಪರ್ಷಿಯನ್, ದಖನಿ ಆಕರಗಳನ್ನು ಓದಿ ನಮ್ಮ ದರ್ಗಾಗಳ ಕಥೆ ಬರೆದರು. ಕನ್ನಡದಲ್ಲಿ ರಹಮತ್ ತರೀಕೆರೆಯವರು 1998ರಲ್ಲಿ 'ಕರ್ನಾಟಕದ ಸೂಫಿಗಳು' ಪ್ರಕಟಿಸಿದರು. ನಮ್ಮ ಊರಿನ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ, ಡಾ. ಎಂ.ಎಂ. ಕಲಬುರ್ಗಿಯವರ ನೇತೃತ್ವದಲ್ಲಿ ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸ ಕೈಗೊಂಡಿತು. ಅಂಥ ಕೆಲಸಕ್ಕೆ ಬೇಕಾದವರು ಯಾರು? ಎರಡು ಭಾಷೆಗಳಲ್ಲಿ ನೆಲೆ ಇದ್ದು ಇತಿಹಾಸವೂ ಗೊತ್ತಿರುವವರು. ಅಂದರೆ ಇಬ್ರಾಹಿಂಪುರದ ಯಾವ ಹುಡುಗಿ ಬೇಕಾದರೂ ಆಗಬಹುದಾದವರು. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ ಎಂಬುದನ್ನು ನಾವು ಕೊರತೆ ಎಂದು ಭಾವಿಸಿ ನಾಚಿಕೊಳ್ಳುತ್ತೇವೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ಮನೆಮಾತೂ ಕನ್ನಡವಲ್ಲ ಎಂಬುದನ್ನು ನೆನಪಿಡಿರಿ.

ಹಾಗೆಂದು ಒಂದೇ ವಿಷಯ ಓದಿದವರು ಬಾವಿಯ ಕಪ್ಪೆಗಳಾಗುತ್ತಾರೆ ಎಂದು ನಾನು ಹೇಳುವುದಿಲ್ಲ. ಜಾಮಿಯಾವನ್ನು ಕಟ್ಟಿ ಬೆಳೆಸಿದ, ಮುಂದೆ ರಾಷ್ಟ್ರಪತಿಗಳಾದ ಡಾ. ಜಾಕಿರ್ ಹುಸೇನ್ ಅವರು ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದದ್ದು ಅರ್ಥಶಾಸ್ತ್ರದಲ್ಲಿ. ಪ್ಲೇಟೋನ 'ರಿಪಬ್ಲಿಕ್' ಗ್ರಂಥವನ್ನು ಉರ್ದುವಿಗೆ ತಂದವರೂ ಅವರೇ. ಕೆ.ಎಸ್. ನಿಸಾರ್ ಅಹಮದ್ ಅವರು ಕಾಲೇಜಿನಲ್ಲಿ ಕಲಿಸಿದ್ದು ಭೂವಿಜ್ಞಾನ, ನಾಡು ಅವರನ್ನು ನೆನೆಯುವುದು ಕವಿಯೆಂದು. ಆದರೆ ಅಂಥವರು ಪದವಿಯ ಹೊರಗೆ ತಾವಾಗಿಯೇ ದುಡಿದವರು. ನಮ್ಮಂಥ ಸಾಮಾನ್ಯರಿಗೆ ವೇಳಾಪಟ್ಟಿಯಲ್ಲಿ ಇದ್ದರೇನೇ ಓದಾಗುವುದು, ಏನು ಮಾಡುವುದು?

ಹಾಗಾದರೆ ಆ ಹುಡುಗಿಗೆ ನಾನು ಏನು ಹೇಳಿದೆ? ಮೊದಲು ತಂದೆಯವರಿಗೆ ಒಂದು ಮಾತು ಹೇಳಿದೆ. "ಭಾಯಿಸಾಬ್, ಮಗಳನ್ನ ದೂರ ಕಳಸಾಕ ಮನಸ್ಸಿಲ್ಲಂದ್ರ ಹಂಗ ಹೇಳ್ರಿ. ಖರ್ಚು ಆಗೂದಿಲ್ಲಂದ್ರ ಅದನ್ನೂ ಹೇಳ್ರಿ. ಮೂರು ಬಾಗಲದ ಲೆಕ್ಕ ಮುಂದ ಮಾಡಬ್ಯಾಡ್ರಿ." ಅವರು ತಲೆ ತಗ್ಗಿಸಿದರು. ಆಮೇಲೆ, "ಎರಡೂ ಅದಾವ್ರೀ ಟೀಚರ್" ಎಂದರು. ಬಂಧುಗಳೇ, ಇಲ್ಲಿ ಕುಳಿತ ತಂದೆ ತಾಯಂದಿರಿಗೂ ನನ್ನ ವಿನಂತಿ ಇದೇ. ಖರ್ಚಿನ ಮಾತನ್ನು ಬಾಯಿಬಿಟ್ಟು ಆಡಿದರೆ ವಿದ್ಯಾರ್ಥಿವೇತನದ ದಾರಿ ಹುಡುಕಬಹುದು. ಮನೆಯಲ್ಲಿದ್ದುಕೊಂಡೇ ಒಂದು ವಿಷಯ ಓದಬೇಕೆಂದರೆ ಇಗ್ನೋದಲ್ಲಿ ಅಂಥ ಆನರ್ಸ್ ಪದವಿಗಳಿವೆ. ನಿಜವಾದ ಕಾರಣ ಮುಚ್ಚಿಟ್ಟರೆ ಮಗು ತನಗೆ ಯೋಗ್ಯತೆ ಇಲ್ಲವೆಂದೇ ತಿಳಿಯುತ್ತದೆ.

ಹುಡುಗಿಗೆ ಒಂದು ತಿಂಗಳ ಪರೀಕ್ಷೆ ಕೊಟ್ಟೆ. ಉರ್ದು, ಕನ್ನಡ, ಇತಿಹಾಸ ಮೂರರಲ್ಲೂ ಪಠ್ಯದಲ್ಲಿಲ್ಲದ ಒಂದೊಂದು ಪುಸ್ತಕ ಕೊಟ್ಟು, ಯಾರೂ ಹೇಳದೆ ಯಾವುದನ್ನು ಹೆಚ್ಚು ಸಲ ತೆರೆಯುತ್ತೀಯೋ ಬಂದು ಹೇಳು ಎಂದೆ. ಉರ್ದು ಎನ್ನುತ್ತಾಳೆಂದು ನಾನು ಎಣಿಸಿದ್ದೆ. ಅವಳು ಇತಿಹಾಸದ ಪುಸ್ತಕಕ್ಕೆ ಹಳೆಯ ವರ್ತಮಾನಪತ್ರಿಕೆಯ ರಟ್ಟು ಹಾಕಿಕೊಂಡು ಬಂದಿದ್ದಳು. ಇಲ್ಲಿಯೇ ಇತಿಹಾಸ, ಕನ್ನಡ, ಉರ್ದು ಸೇರಿದಳು. ಈ ಸಲ ಅರ್ಜಿಯಲ್ಲಿ ಉರ್ದುವಿನ ಗುರುತು ಯಾವ ಚೌಕದಲ್ಲಿದೆ ಎಂದು ನಾನೇ ಎರಡು ಬಾರಿ ನೋಡಿದೆ. ಅಲಿಗಢದ ಆಸೆಯನ್ನು ಅವಳು ಬಿಟ್ಟಿಲ್ಲ, ಎಂ.ಎ.ಗೆ ಇಟ್ಟುಕೊಂಡಿದ್ದಾಳೆ. ತಂದೆ ಆಗಲಿ ಎಂದಿದ್ದಾರೆ, ನಾನು ಆ ಮಾತಿಗೆ ಸಾಕ್ಷಿ.

ನಿಮ್ಮಲ್ಲಿ ಕೆಲವರು ಹೊರಗೆ ಹೋಗಿ ಒಂದೇ ವಿಷಯ ಓದಬಹುದು. ಹೋಗಿರಿ, ಆದರೆ ಅಲ್ಲಿ ಕನ್ನಡ ಪುಸ್ತಕ ಓದುವುದನ್ನು ಬಿಡಬೇಡಿರಿ. ತಿರುಗಿ ಬಂದು ಇಲ್ಲಿಯೇ ಕೆಲಸ ಮಾಡುವವರಿಗೆ ಅದು ಬೇಕೇ ಬೇಕು. ಊರಲ್ಲಿ ಮೂರು ಓದುವವರು ಮೊದಲ ವರ್ಷ ಮುಗಿಯುವುದರೊಳಗೆ ಒಂದನ್ನು ನಿಮ್ಮದೆಂದು ಹಿಡಿದು, ಅದರಲ್ಲಿ ತಿಂಗಳಿಗೊಂದು ಹೊರಗಿನ ಪುಸ್ತಕ ಓದಿರಿ. ಕಾಲೇಜು ಸೇರುವ ಮೊದಲು ಅಲ್ಲಿಗೆ ಹೋಗಿ ಮೂರು ಪ್ರಶ್ನೆ ಕೇಳಿರಿ: ಈ ವಿಷಯಕ್ಕೆ ಅಧ್ಯಾಪಕರು ಇದ್ದಾರೆಯೇ? ಉರ್ದು ಮತ್ತು ಕನ್ನಡ ಐಚ್ಛಿಕದ ತಾಸುಗಳು ಒಂದೇ ವೇಳೆಗೆ ಬರುತ್ತವೆಯೇ? ನಾನು ಬರೆದದ್ದು ಬೇಸಿಕ್ಕೋ, ಆಪ್ಷನಲ್ಲೋ? ಉತ್ತರ ಬಾಯಿಮಾತಿನಲ್ಲಿ ಬೇಡ, ಕಾಗದದ ಮೇಲೆ ತೋರಿಸಲು ಹೇಳಿರಿ.

ಅರ್ಜಿ ಕೊಡುವ ಮುನ್ನ ಯಾರಿಗಾದರೂ ಸಂಶಯವಿದ್ದರೆ ಅಂಕಪಟ್ಟಿ ತೆಗೆದುಕೊಂಡು ಶಾಲೆಗೆ ಬನ್ನಿರಿ. ಶುಕ್ರವಾರ ಬಿಟ್ಟು ಉಳಿದ ದಿನ ಅಸರ್ ನಮಾಜಿನವರೆಗೆ ನಾನು ಅಲ್ಲಿಯೇ ಇರುತ್ತೇನೆ.