ಮಕ್ಕಳ ಶಾಲೆ, ತಾಯ್ತಂದೆಗಳ ಗೆಳೆತನ

ಮಕ್ಕಳನ್ನು ಶಾಲೆಗೆ ಸೇರಿಸಿದೊಡನೆ ತಮ್ಮ ಕರ್ತವ್ಯವು ಮುಗಿಯಿತೆಂದು ನಗರವಾಸಿಗಳಾದ ನಮ್ಮಲ್ಲಿ ಅನೇಕರು ಭಾವಿಸುವುದುಂಟು. ಶಾಲೆಯ ಬಾಗಿಲಲ್ಲಿ ದಿನವೂ ಒಬ್ಬರ ಮುಖವನ್ನೊಬ್ಬರು ನೋಡುತ್ತೇವೆ. ಹೆಸರನ್ನು ಮಾತ್ರ ಕೇಳುವುದಿಲ್ಲ. ಈ ವಿಷಯವನ್ನು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳನ್ನು ಮುಂದಿಟ್ಟುಕೊಂಡು ಕೊಂಚ ವಿಚಾರಿಸೋಣ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ನಡೆದುಬಂದಿವೆ. ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಾಯ್ತಂದೆಗಳು ಅಥವಾ ಪೋಷಕರಿರಬೇಕೆಂದೂ, ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ 2009ರ ಶಿಕ್ಷಣ ಹಕ್ಕು ಶಾಸನವು ವಿಧಿಸಿತು. ಶಾಸನವು ಜನರನ್ನು ಒಂದೇ ಜಮಖಾನೆಯ ಮೇಲೆ ಕೂರಿಸಬಲ್ಲುದು, ಸ್ನೇಹವನ್ನು ಹುಟ್ಟಿಸಲಾರದು. ಸ್ನೇಹವು ಹುಟ್ಟುವುದು ಕೂಡಿ ಮಾಡುವ ಕೆಲಸದಿಂದ.

ಚನ್ನಗಿರಿಯ ಕಡೆ ಅಡಕೆ ತೋಟದ ಒಡೆಯನೂ ಅಡಕೆ ಸುಲಿಯುವ ಕೂಲಿಯವಳೂ ಮಿಕ್ಕೆಡೆಗಳಲ್ಲಿ ಸಮನಾಗಿ ಕೂತು ಮಾತನಾಡುವ ಸಂದರ್ಭಗಳು ವಿರಳ. ಸೋರುವ ಮಾಡು, ಬಿಸಿಯೂಟದ ಅಡಿಗೆಗೆ ಬೇಕಾದ ನೀರು, ಇವುಗಳ ಚರ್ಚೆಯಲ್ಲಾದರೋ ಇಬ್ಬರೂ ಮಕ್ಕಳ ಹೆತ್ತವರೇ. ಹಿಂದೆ ಹೊನ್ನಾಳಿಗೆ ಸೇರಿದ್ದ ನ್ಯಾಮತಿಯ ಸೀಮೆಯಲ್ಲಿ ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪವಿದೆ. ಆ ಕಡೆಯ ತಾಂಡಾಗಳ ಮನೆಮಾತು ಲಂಬಾಣಿ. ಸಭೆಯಲ್ಲಿ ಮಾತನಾಡಲು ಸಂಕೋಚಪಡುವ ತಾಯಿಯನ್ನು, “ನಿಮ್ಮ ಮಗಳು ಹೇಗೆ ಓದುತ್ತಾಳಮ್ಮ?” ಎಂದು ಪಕ್ಕದವಳು ಕೇಳಿದರೆ, ಆ ಸಂಕೋಚವು ಎಷ್ಟು ಹೊತ್ತು ನಿಂತೀತು?

ಇಂಥ ಗೆಳೆತನದ ಬೆಲೆಯು ತಿಳಿಯುವುದು ಕಷ್ಟಕಾಲದಲ್ಲಿ. ಜಗಳೂರು ಬರಕ್ಕೆ ಹೆಸರಾದ ನಾಡು. ಮಳೆ ಕೈಕೊಟ್ಟು ತಾಯ್ತಂದೆಗಳು ಕೂಲಿಗಾಗಿ ಊರು ಬಿಟ್ಟರೆ, ಮಗುವಿನ ಓದು ಅಲ್ಲಿಗೇ ನಿಲ್ಲಬಹುದು. “ನಮ್ಮ ಮಕ್ಕಳೊಡನೆ ಇವನೂ ಉಂಡು ಮಲಗಲಿ, ಹೋಗಿಬನ್ನಿ” ಎನ್ನುವ ಮನೆಯೊಂದಿದ್ದರೆ ಆ ಓದು ಉಳಿದೀತು. ಪರಿಚಯವೇ ಇಲ್ಲದವರು ಈ ಮಾತನ್ನು ಆಡುವರೆ? ಆಡಿದರೂ ಹೆತ್ತವರು ನಂಬಿ ಬಿಟ್ಟುಹೋಗುವರೆ?

ಆದರೆ ಉಳ್ಳವರ ಮಕ್ಕಳೆಲ್ಲ ಖಾಸಗಿ ಶಾಲೆಗಳ ಬಸ್ಸನ್ನೇರಿ ಹೊರಟರೆ, ಊರಿನವರು ಕಲೆಯುವ ಜಮಖಾನೆಯೂ ಎರಡಾಗಿ ಹರಿಯುತ್ತದೆ. ಅದರ ನಷ್ಟವು ಬಡವರಿಗೆ ಮಾತ್ರವೆಂದು ನಾವು ತಿಳಿಯಲಾಗದು; ನೆರೆಯವರನ್ನರಿಯದೆ ಬೆಳೆಯುವ ಮಗುವೂ ಬಡಮಗುವೇ.

ಆದಕಾರಣ, ಶ್ರೋತೃಗಳೆ, ಮುಂದಿನ ಸಲ ಶಾಲೆಗೆ ಹೋದಾಗ ಅಂಕಪಟ್ಟಿಗೆ ರುಜು ಹಾಕಿ ಅವಸರದಿಂದ ಹಿಂದಿರುಗದೆ ಕಾಲು ಗಂಟೆ ನಿಲ್ಲೋಣ. ಯಾವುದಾದರೂ ಒಂದು ಸಣ್ಣ ಕೆಲಸವನ್ನು ವಹಿಸಿಕೊಳ್ಳೋಣ. ಪಕ್ಕದಲ್ಲಿರುವವರ ಹೆಸರನ್ನು ಕೇಳೋಣ.