ಕೆಚ್ಚಲು ಬತ್ತಿದ ನಾಡಿನಲ್ಲಿ: ಕೆನ್ಯಾದ ಹೈನು ಮತ್ತು ಹವಾಮಾನ

(ನಮ್ಮ ಕೂಟದ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಮಕ್ಕಳ ವೈದ್ಯನೊಬ್ಬನು ಹಸುಗಳ ವಿಷಯವಾಗಿ ಮಾತನಾಡಲು ನಿಂತಿರುವುದು ತಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಸಮಿತಿಯವರು ನನ್ನಿಂದ ಅಪೇಕ್ಷಿಸಿದ್ದು ಮಕ್ಕಳ ಸ್ಥೂಲಕಾಯದ ಕುರಿತ ಉಪನ್ಯಾಸವನ್ನು. ಹೋಳಿಗೆಯ ಊಟ ಕಾದಿರುವ ದಿನ ಆ ಮಾತು ಬೇಡವೆಂದು ನಾನೇ ವಿಷಯವನ್ನು ಬದಲಿಸಿಕೊಂಡೆ.

ನಾನು ಹಾಸನ ಜಿಲ್ಲೆಯ ಹಳ್ಳಿಯವನು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನನ್ನು ಮನೆಯಲ್ಲಿಟ್ಟು, ಅನಂತರ ಶಾಲೆಗೆ ಹೋಗುತ್ತಿದ್ದೆ. ಎಂ.ಬಿ.ಬಿ.ಎಸ್. ಮುಗಿಸಿ, ರೆಸಿಡೆನ್ಸಿಗೆಂದು ಅಮೆರಿಕಕ್ಕೆ ಬಂದ ಮೇಲೆ ಹಸುವಿನ ನಂಟು ಕಡಿದುಹೋಯಿತು. ಅದು ಮತ್ತೆ ಕೂಡಿಕೊಂಡದ್ದು ಉತ್ತರ ಕೆನ್ಯಾದಲ್ಲಿ. ಅಲ್ಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ವರ್ಷಕ್ಕೆ ಮೂರು ವಾರ ಕೆಲಸ ಮಾಡಿ ಬರುವುದು ಕೆಲವು ವರ್ಷಗಳಿಂದ ನಡೆದುಬಂದಿದೆ.

2022ರ ನವೆಂಬರಿನಲ್ಲಿ ಸಂಬುರು ಜನಾಂಗದ ತಾಯಿಯೊಬ್ಬಳು ಎರಡೂವರೆ ವರ್ಷದ ಮಗನನ್ನು ಎತ್ತಿಕೊಂಡು ಬಂದಳು. ಮಗುವಿನ ರಟ್ಟೆಗೆ ಸುತ್ತಿ ಅಳೆಯುವ ಬಣ್ಣದ ಪಟ್ಟಿಯೊಂದಿದೆ. ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಆ ಹುಡುಗನ ರಟ್ಟೆ ಹತ್ತೂವರೆ ಇತ್ತು. ಯಾವಾಗಿನಿಂದ ಹೀಗೆಂದು ಕೇಳಿದಾಗ ಆಕೆ ಹೇಳಿದ್ದನ್ನು ನರ್ಸಮ್ಮ ನನಗೆ ಅನುವಾದಿಸಿದರು: "ಮೊದಲು ಹಸುಗಳ ಹಾಲು ನಿಂತಿತು. ಆಮೇಲೆ ಕರುಗಳು ಹೋದವು. ಆಮೇಲೆ ಹಸುಗಳು. ಈಗ ಇವನು."

ಇಷ್ಟು ಅಚ್ಚುಕಟ್ಟಾದ ರೋಗಚರಿತ್ರೆಯನ್ನು ನನ್ನ ವಿದ್ಯಾರ್ಥಿಗಳಾರೂ ಬರೆದುಕೊಟ್ಟದ್ದಿಲ್ಲ.

ಇಂಥ ಮಗುವಿಗೆ ಮೊದಲ ದಿನಗಳಲ್ಲಿ ಕೊಡುವ ಆಹಾರಕ್ಕೆ ಎಫ್-75 ಎಂದು ಹೆಸರು. ನೂರು ಮಿಲಿಲೀಟರಿಗೆ 75 ಕ್ಯಾಲೊರಿ. ಅದರ ಮುಖ್ಯ ಅಂಶಗಳಲ್ಲೊಂದು ಕೆನೆ ತೆಗೆದ ಹಾಲಿನ ಪುಡಿ. ತಲೆಮಾರುಗಳಿಂದ ಹಾಲಿನಿಂದಲೇ ಬದುಕಿದ ಜನರ ಮಗುವಿಗೆ, ಯುರೋಪಿನಿಂದ ಬಂದ ಹಾಲಿನ ಪುಡಿಯನ್ನು ನಾನು ಎರಡು ಗಂಟೆಗೊಮ್ಮೆ ಅಳೆದು ಕುಡಿಸುತ್ತಿದ್ದೆ.

ಕೆನ್ಯಾದಲ್ಲಿ ಎರಡು ಬಗೆಯ ಹೈನುಗಾರಿಕೆಗಳಿವೆಯೆಂಬುದನ್ನು ಇಲ್ಲಿ ವಿವರಿಸಬೇಕು. ನೈರೋಬಿಯ ಸುತ್ತಣ ಎತ್ತರದ ಪ್ರದೇಶಗಳಾದ ಕಿಯಾಂಬು, ನ್ಯಾಂಡರುವಾ, ನಕುರುಗಳಲ್ಲಿ ಫ್ರೀಸಿಯನ್, ಏರ್‌ಶೈರ್ ತಳಿಯ ಹಸುಗಳನ್ನು ಸಣ್ಣ ರೈತರು ಎಕರೆ ಎರಡೆಕರೆ ಭೂಮಿಯಲ್ಲಿ ಸಾಕುತ್ತಾರೆ. ಹಲವರು ಕೊಟ್ಟಿಗೆಯಲ್ಲೇ ಕಟ್ಟಿ, ನೇಪಿಯರ್ ಹುಲ್ಲನ್ನು ಕೊಯ್ದು ಹಾಕುತ್ತಾರೆ. ನಮ್ಮೂರಿನ ಬದುಗಳಲ್ಲಿ ಬೆಳೆಯುವ ಆ ನೇಪಿಯರ್ ಮೂಲತಃ ಆಫ್ರಿಕದ್ದೇ. ಚಹಾ ಪುಡಿಯನ್ನು ಹಾಲಿನಲ್ಲಿಯೇ ಕುದಿಸಿ ಅದನ್ನು 'ಚಾಯ್' ಎಂದೇ ಕರೆಯುವ ಅವರ ಮನೆಗಳಲ್ಲಿ ನನಗೆ ಪರದೇಶವೆಂಬ ಭಾವನೆ ಬರುವುದಿಲ್ಲ.

ಉತ್ತರದ ಮಾರ್ಸಬಿಟ್, ಸಂಬುರು, ಇಸಿಯೊಲೊ, ಟುರ್ಕಾನಾ ಪ್ರದೇಶಗಳದು ಬೇರೆಯೇ ಕಥೆ. ಅಲ್ಲಿ ಬೇಸಾಯಕ್ಕೆ ಸಾಲುವಷ್ಟು ಮಳೆಯಿಲ್ಲ. ಹಿಣಿಲುಳ್ಳ ದನಗಳು, ಮೇಕೆಗಳು, ಒಂಟೆಗಳು. ಹುಲ್ಲು ನೀರು ಇದ್ದಲ್ಲಿಗೆ ನಡೆಯುವ ಜನ. ಮಾರ್ಚಿನಿಂದ ಮೇ ವರೆಗಿನ ದೀರ್ಘ ಮಳೆ, ಅಕ್ಟೋಬರಿನಿಂದ ಡಿಸೆಂಬರ್ ವರೆಗಿನ ಅಲ್ಪ ಮಳೆ, ಈ ಎರಡನ್ನೂ ಅವರ ಬದುಕು ನೆಚ್ಚಿಕೊಂಡಿದೆ. 2020ರ ಅಕ್ಟೋಬರಿನಿಂದ 2022ರ ಕೊನೆಯವರೆಗೆ ಸತತವಾಗಿ ಐದು ಮಳೆಗಾಲಗಳು ಕೈಕೊಟ್ಟವು. ಕೆನ್ಯಾವೊಂದರಲ್ಲಿಯೇ ಸತ್ತ ಜಾನುವಾರುಗಳ ಸಂಖ್ಯೆ 25 ಲಕ್ಷವನ್ನು ಮೀರಿತು. ಬರವು ಅಲ್ಲಿ ಹೊಸತಲ್ಲ. ಆದರೆ 2023ರ ಏಪ್ರಿಲ್‌ನಲ್ಲಿ 'ವರ್ಲ್ಡ್ ವೆದರ್ ಆಟ್ರಿಬ್ಯೂಷನ್' ಎಂಬ ವಿಜ್ಞಾನಿಗಳ ತಂಡವು, ಮನುಷ್ಯಕೃತ ತಾಪಮಾನ ಏರಿಕೆಯಿಂದಾಗಿ ಇಂಥ ಬರದ ಸಂಭವವು ಕನಿಷ್ಠ ನೂರು ಪಟ್ಟು ಹೆಚ್ಚಿದೆಯೆಂದು ತಿಳಿಸಿತು. ಮಳೆ ಕಡಿಮೆಯಾದದ್ದು ಒಂದು. ಬಿದ್ದ ಅಷ್ಟಿಷ್ಟು ನೀರನ್ನೂ ಹೆಚ್ಚಿದ ಸೆಕೆಯು ಮಣ್ಣಿನಿಂದ, ಗಿಡಗಳಿಂದ ಹೀರಿಕೊಂಡದ್ದು ಇನ್ನೊಂದು.

ಹಾಲು ಮೊದಲೇ ಏಕೆ ನಿಲ್ಲುತ್ತದೆ? ಶರೀರವು ಕೊರತೆಯ ಕಾಲದಲ್ಲಿ ತನ್ನ ಉಳಿವಿಗೆ ಬೇಡದ ವೆಚ್ಚವನ್ನು ಮೊದಲು ಕಡಿತಗೊಳಿಸುತ್ತದೆ. ಹಸುವಿನ ಮಟ್ಟಿಗೆ ಹಾಲು ಅಂಥ ವೆಚ್ಚ. ಅದಲ್ಲದೆ, ತಿಂದ ಮೇವು ಮೊದಲ ಹೊಟ್ಟೆಯಲ್ಲಿ ಹುದುಗುವಾಗ ಶಾಖ ಹುಟ್ಟುತ್ತದೆ. ಹೊರಗೂ ಸೆಕೆಯಿದ್ದರೆ ಹಸು ತಾನಾಗಿಯೇ ತಿನ್ನುವುದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಮನೆಯ ಮುಂದೆ ಹಸು ಇನ್ನೂ ನಿಂತಿರುವಾಗಲೇ ಮಗುವಿನ ಬಟ್ಟಲು ಬರಿದಾಗಿರುತ್ತದೆ. ಸತ್ತ ದನಗಳನ್ನು ಎಣಿಸಿ ಬರವನ್ನು ಘೋಷಿಸುವವರು ಬಹಳ ತಡವಾಗಿ ಎಣಿಸುತ್ತಿದ್ದಾರೆಂದೇ ನನ್ನ ಅಭಿಪ್ರಾಯ.

ಇನ್ನು ದೂರಿನ ವಿಷಯ. ನಾವಿರುವ ಈ ದೇಶದಲ್ಲಿ ಹಸು ಎಂದೊಡನೆ ಮೀಥೇನಿನ ಮಾತು ಏಳುತ್ತದೆ. ಹಸುವಿನ ತೇಗಿನಲ್ಲಿ ಮೀಥೇನ್ ಇರುವುದೂ, ಅದು ಭೂಮಿಯನ್ನು ಬಿಸಿ ಮಾಡುವುದೂ ನಿಜ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದು ಕಿಲೋ ಹಾಲಿನ ಉತ್ಪಾದನೆಗೆ ಹೊರಬೀಳುವ ಹಸಿರುಮನೆ ಅನಿಲಗಳು, ಇಂಗಾಲದ ಡೈಆಕ್ಸೈಡಿನ ಅಳತೆಯಲ್ಲಿ, ಜಗತ್ತಿನ ಸರಾಸರಿ 2.4 ಕಿಲೋ. ಅತಿ ಕಡಿಮೆಯಿರುವಲ್ಲಿ 1.3, ಅತಿ ಹೆಚ್ಚು, ಸುಮಾರು 7.5, ಸಹರಾದ ದಕ್ಷಿಣದ ಆಫ್ರಿಕದಲ್ಲಿ. ಈ ಅಂಕಿಯನ್ನು ಮುಂದಿಟ್ಟುಕೊಂಡು ಆಫ್ರಿಕದ ಹಸು ಕೊಳಕು ಹಸುವೆನ್ನುವವರನ್ನು ನಾನು ಕಂಡಿದ್ದೇನೆ.

ಲೆಕ್ಕ ತಪ್ಪಲ್ಲ, ಓದುವ ರೀತಿ ತಪ್ಪು. ಹಸುವೊಂದು ಬದುಕಿರಲು ಇಂತಿಷ್ಟು ಮೇವು ಬೇಕು. ಅಷ್ಟು ಮೇವು ಇಂತಿಷ್ಟು ಮೀಥೇನನ್ನು ಹುಟ್ಟಿಸಿಯೇ ತೀರುತ್ತದೆ. ಅದೇ ಮೀಥೇನನ್ನು ಇಪ್ಪತ್ತು ಲೀಟರಿಗೆ ಹಂಚಿದರೆ ಲೀಟರಿಗೆ ಬರುವ ಪಾಲು ಸಣ್ಣದು. ಎರಡು ಲೀಟರಿಗೆ ಹಂಚಿದರೆ ದೊಡ್ಡದು. ಒಣಗಿದ ನಾರುಹುಲ್ಲು ಆ ಪಾಲನ್ನು ಇನ್ನಷ್ಟು ಹಿಗ್ಗಿಸುತ್ತದೆ. ಅಂದರೆ ಆ 7.5 ಎಂಬುದು ಬಹುಮಟ್ಟಿಗೆ ಹಸಿವಿನ ಅಂಕಿ. ಜ್ವರಮಾಪಕವು 104 ತೋರಿಸಿತೆಂದು ರೋಗಿಯನ್ನು ಬೈದ ವೈದ್ಯನಂತಾಗಬಾರದು. ಅಲ್ಲದೆ ಆ ಹಸು ಹಾಲಿಗಾಗಿ ಮಾತ್ರ ಇಲ್ಲ. ಅದೇ ಆ ಕುಟುಂಬದ ಬ್ಯಾಂಕು, ಮದುವೆಯ ತೆರ, ಆಸ್ಪತ್ರೆಯ ಖರ್ಚು. ಹಾಗೆ ನೋಡಿದರೆ, ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಇಡೀ ಆಫ್ರಿಕ ಖಂಡದ ಪಾಲು ನೂರಕ್ಕೆ ನಾಲ್ಕರ ಆಸುಪಾಸಿನದು. ನಮ್ಮ ಈ ಸಭಾಂಗಣದ ಹೊರಗೆ ನಿಂತಿರುವ ಕಾರುಗಳನ್ನು ನೋಡಿಕೊಂಡು ನಾನು ಈ ಮಾತನ್ನು ಹೇಳುತ್ತಿದ್ದೇನೆ. ಅದರಲ್ಲಿ ನನ್ನದೂ ಒಂದಿದೆ.

ಹಾಗಾದರೆ ಮಾಡಬಹುದಾದುದೇನು? ಹೆಚ್ಚು ಹಾಲು ಕೊಡುವ ಫ್ರೀಸಿಯನ್ ಹಸುವನ್ನು ಉತ್ತರಕ್ಕೂ ಒಯ್ಯೋಣವೆಂಬ ಸಲಹೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆ ಸೆಕೆಯಲ್ಲಿ, ಆ ಮೇವಿನಲ್ಲಿ ಅದು ಬಾಳದು. ಎತ್ತರದ ಊರುಗಳಲ್ಲಿ ಮಾತ್ರ ಉತ್ತಮ ಮೇವು, ಉಣ್ಣೆಹುಳುವಿನಿಂದ ಬರುವ ಈಸ್ಟ್ ಕೋಸ್ಟ್ ಜ್ವರಕ್ಕೆ ತಡೆ, ಇವುಗಳಿಂದ ಇದ್ದ ಹಸುವಿನಿಂದಲೇ ಹೆಚ್ಚು ಹಾಲು ಪಡೆಯಬಹುದು. ಆಗ ಲೀಟರಿಗೆ ಬೀಳುವ ಮೀಥೇನೂ ತಾನಾಗಿ ಇಳಿಯುತ್ತದೆ.

ಉತ್ತರದಲ್ಲಿ ನನಗೆ ಮೆಚ್ಚಿಗೆಯಾದ ಒಂದು ಯೋಜನೆಯೆಂದರೆ 2010ರಲ್ಲಿ ಮಾರ್ಸಬಿಟ್‌ನಲ್ಲಿ ಆರಂಭವಾದ ಜಾನುವಾರು ವಿಮೆ. ಸತ್ತ ಹಸುವನ್ನು ಯಾರೂ ಬಂದು ನೋಡಬೇಕಿಲ್ಲ. ಉಪಗ್ರಹವು ನೆಲದ ಹಸಿರನ್ನು ಅಳೆಯುತ್ತದೆ. ಹಸಿರು ಗೊತ್ತಾದ ಮಟ್ಟಕ್ಕಿಂತ ಇಳಿದರೆ ಆ ಪ್ರದೇಶದ ವಿಮೆದಾರರಿಗೆಲ್ಲ ಹಣ ಸಲ್ಲುತ್ತದೆ. ಮೊದಮೊದಲು ಹಸು ಸತ್ತ ನಷ್ಟಕ್ಕೆ ಪರಿಹಾರವೆಂಬ ಕಲ್ಪನೆಯಿತ್ತು. ಮುಂದೆ, ಹಸು ಸಾಯುವ ಮುನ್ನವೇ ಮೇವು ಕೊಳ್ಳಲೆಂದು ಹಣ ಕೊಡುವಂತೆ ಅದನ್ನು ತಿದ್ದಿದರು. ವೈದ್ಯನಾಗಿ ನಾನು ಈ ಎರಡನೆಯ ಪಕ್ಷದವನು.

ಇನ್ನೊಂದು ದಾರಿಯನ್ನು ಜನರೇ ಹಿಡಿದಿದ್ದಾರೆ, ಅದು ಒಂಟೆ. ದನಗಳನ್ನೇ ಪ್ರಾಣವೆಂದುಕೊಂಡಿದ್ದ ಸಂಬುರು ಜನರಲ್ಲಿ ಅನೇಕರು ಈಗ ಒಂಟೆಯನ್ನು ಸಾಕುತ್ತಿದ್ದಾರೆ. ಕೌಂಟಿ ಸರ್ಕಾರವೂ ಒಂಟೆಗಳನ್ನು ಹಂಚಿದೆ. ಒಂಟೆ ಮುಳ್ಳುಗಿಡದ ಎಲೆ ಮೇಯುತ್ತದೆ, ವಾರಗಟ್ಟಲೆ ನೀರಿಲ್ಲದೆ ಇರುತ್ತದೆ, ಹಸು ಬತ್ತಿದ ಮೇಲೂ ಹಾಲು ಕೊಡುತ್ತದೆ. ಆ ಹಾಲಿನಲ್ಲಿ ಸಿ ಜೀವಸತ್ವವು ಹಸುವಿನ ಹಾಲಿಗಿಂತ ಹಲವು ಪಟ್ಟು ಹೆಚ್ಚು. ಆದರೆ ಒಂಟೆ ಬಲು ದುಬಾರಿ. ಗರ್ಭಾವಧಿ ಸುಮಾರು ಹದಿಮೂರು ತಿಂಗಳು. ಎಲ್ಲವನ್ನೂ ಕಳೆದುಕೊಂಡವನು ಅದನ್ನು ಕೊಳ್ಳಲಾರ. ಒಂಟೆಯಿಂದ ಮನುಷ್ಯರಿಗೆ ತಗಲಬಹುದಾದ ಕಾಯಿಲೆಗಳೂ ಇವೆ. ಹಾಲನ್ನು ಕಾಯಿಸಿಯೇ ಕುಡಿಯಿರೆಂದು ನಾನು ಹೇಳುತ್ತಿರುತ್ತೇನೆ, ಅವರು ನಗುತ್ತಿರುತ್ತಾರೆ.

ಆ ತಾಯಿಯನ್ನು 2024ರ ಮಾರ್ಚಿನಲ್ಲಿ ಮತ್ತೆ ಕಂಡೆ. ಮಗ ಜೊತೆಯಲ್ಲಿ ನಡೆದುಕೊಂಡೇ ಬಂದಿದ್ದ. ಮಳೆಯೇನೋ ಬಂದಿತ್ತು, 2023ರ ಕೊನೆಯಲ್ಲಿ ಎಷ್ಟು ಬಂದಿತೆಂದರೆ, ಪ್ರವಾಹದಲ್ಲಿ ಅವರ ಉಳಿದ ಮೇಕೆಗಳಲ್ಲಿ ಕೆಲವು ಕೊಚ್ಚಿಹೋಗಿದ್ದವು. ಆಕೆಯ ಅಣ್ಣ ಹಾಲು ಕರೆಯುವ ಒಂಟೆಯೊಂದನ್ನು ಎರವಲು ಕೊಟ್ಟಿದ್ದ. ನರ್ಸಮ್ಮ ಹುಡುಗನ ರಟ್ಟೆಗೆ ಪಟ್ಟಿ ಸುತ್ತಿದರು, ಹದಿಮೂರೂವರೆ, ಹಸಿರು. ಒಂಟೆಯ ಹಾಲು ರುಚಿಸುತ್ತದೆಯೇ ಎಂದು ಕೇಳಿದೆ. ಹುಡುಗ ಮುಖ ಹಿಂಡಿದ. ಉಪ್ಪುಪ್ಪಾಗಿದೆಯಂತೆ, ಹಸು ಯಾವಾಗ ತರುತ್ತೀರೆಂದು ದಿನವೂ ಕೇಳುತ್ತಾನಂತೆ.