ಮನೆಯೊಳಗಿನ ಜೇಡ



ದಾಂಡೇಲಿಗೆ ಸಮೀಪದಲ್ಲಿ, ಕಾಳೀನದಿಯ ದಂಡೆಯ ಮೇಲೆ ಮೌಳಂಗಿ ಎಂಬ ಊರುಂಟು. ಒಂದು ಮಳೆಗಾಲದಲ್ಲಿ ನಾನಲ್ಲಿ ಬಂಧುಗಳ ಮನೆಯಲ್ಲಿ ತಂಗಿದ್ದೆ. ರಾತ್ರಿ ಊಟಕ್ಕೆ ಕುಳಿತಾಗ ಎದುರು ಗೋಡೆಯ ಮೇಲೆ ಅಂಗೈಯಗಲದ ಜೇಡವೊಂದು ಕಾಣಿಸಿತು. ನಾನು ಪಟ್ಟಣದವನು, ಥಟ್ಟನೆ ಎದ್ದು ಪೊರಕೆಯನ್ನು ಹಿಡಿದೆ. ಮನೆಯ ಅಜ್ಜಿ ತಡೆದರು: "ಹೊಡೀಬ್ಯಾಡೋ ತಮ್ಮಾ, ಹೊಟ್ಟಿ ಕೆಳಗ ತತ್ತಿ ಐತಿ ನೋಡು."

ನಿಜವಾಗಿಯೂ ಅದು ಬಿಲ್ಲೆಯಂತೆ ಚಪ್ಪಟೆಯಾದ ಚೀಲವೊಂದನ್ನು ಅವಚಿಕೊಂಡಿದ್ದಿತು. ಅಜ್ಜಿ ಅಗಲವಾದ ಬೋಗುಣಿಯನ್ನು ಅದರ ಮೇಲೆ ಕವುಚಿ, ಗೋಡೆಗೂ ಬೋಗುಣಿಗೂ ನಡುವೆ ಹಳೆಯ ಕ್ಯಾಲೆಂಡರಿನ ರಟ್ಟನ್ನು ಮೆಲ್ಲಗೆ ತೂರಿಸಿ, ಹಾಗೆಯೇ ಸೌದೆಯ ಕೊಟ್ಟಿಗೆಗೆ ಒಯ್ದು ಬಿಟ್ಟರು. ಪೊರಕೆಯನ್ನು ಹಿಡಿದು ನಿಂತಿದ್ದ ನನಗೆ ನಾಚಿಕೆಯಾಯಿತು.

ಈ ಜೇಡ ಬಲೆ ನೇಯುವುದಿಲ್ಲ. ರಾತ್ರಿಯಲ್ಲಿ ಸಂಚರಿಸಿ ಜಿರಲೆಗಳನ್ನು ಹಿಡಿದು ತಿನ್ನುತ್ತದೆ. ಜಗತ್ತಿನಲ್ಲಿ ಇದುವರೆಗೆ ಹೆಸರಿಸಲಾಗಿರುವ ಜೇಡಗಳ ಜಾತಿಗಳು 50,000ಕ್ಕೂ ಮಿಗಿಲು. ನಮ್ಮ ಮನೆಗಳಲ್ಲಿ ಕಾಣುವುವು ಬೆರಳೆಣಿಕೆಯಷ್ಟು. ನಮ್ಮ ನುಡಿಯಲ್ಲಿ ಜೇಡನೆಂದರೆ ನೇಕಾರನೂ ಹೌದು. ಜೇಡರ ದಾಸಿಮಯ್ಯನ ಹೆಸರನ್ನು ಗೌರವದಿಂದ ಉಚ್ಚರಿಸುವ ನಾವು ಮೂಲೆಯ ನೇಕಾರನನ್ನು ಕಂಡೊಡನೆ ಕಿರುಚುತ್ತೇವೆ.

ಮೈಮೇಲೆ ಬೊಬ್ಬೆಯೆದ್ದರೆ ಜೇಡ ಹರಿಯಿತೆನ್ನುವವರುಂಟು. ಮಳೆಗಾಲದಲ್ಲಿ ದೀಪಕ್ಕೆ ಬರುವ ಒಂದು ಬಗೆಯ ಸಣ್ಣ ದುಂಬಿಯನ್ನು ಚರ್ಮದ ಮೇಲೆ ಉಜ್ಜಿದರೂ ಅಂತಹ ಬೊಬ್ಬೆ ಏಳುತ್ತದೆ; ಅಪವಾದವನ್ನು ಹೊರುವುದು ಮಾತ್ರ ಜೇಡ. ಕೈಯಲ್ಲಿ ಹಿಸುಕಿದರೆ ದೊಡ್ಡ ಜೇಡ ಕಚ್ಚೀತು. ಆದುದರಿಂದಲೇ ಬರಿಗೈ ಬೇಡ.

ಆದರೂ ಜೇಡವನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಕೆಂದು ನಾನು ಹೇಳಲಾರೆ. ಹೆದರುವ ಮಗುವಿಗೆ ಉಪದೇಶದಿಂದ ನಿದ್ರೆ ಬರುವುದಿಲ್ಲ. ಹೊರಗೆ ಕಳುಹಿಸೋಣ, ಆದರೆ ಅವಸರವಿಲ್ಲದೆ. ಜೇಡ ತನ್ನ ಕಾಲುಗಳನ್ನು ಚಾಚುವುದು ಒಡಲಿನ ದ್ರವದ ಒತ್ತಡದಿಂದ. ಮೈ ಒಡೆದು ಆ ದ್ರವ ಸೋರಿದರೆ ಕಾಲುಗಳು ಮುದುರಿಹೋಗುತ್ತವೆ. ಎತ್ತರದಿಂದ ಕೊಡವುವುದು, ಪಾತ್ರೆಯ ಅಂಚಿನಲ್ಲಿ ಕಾಲನ್ನು ಸಿಕ್ಕಿಸುವುದು, ಎರಡೂ ಕೂಡದು. ಅದು ನಿಶ್ಚಲವಾಗುವವರೆಗೆ ಕಾಯಬೇಕು. ರಟ್ಟನ್ನು ನಿಧಾನವಾಗಿ ಸರಿಸಿದರೆ ತಾನಾಗಿಯೇ ಕಾಲೆತ್ತಿ ಅದರ ಮೇಲೆ ನಿಲ್ಲುತ್ತದೆ.

ಮೂಲೆಯ ಉದ್ದಕಾಲಿನ ಜೇಡಕ್ಕೆ ಬೋಗುಣಿ ನಿಲುಕದು. ಕೋಲಿನ ತುದಿಯನ್ನು ಬಲೆಯ ಪಕ್ಕದಲ್ಲಿ ಹಿಡಿದು, ಅದು ಹತ್ತಿದ ಮೇಲೆ ಒಯ್ಯಬಹುದು. ಒಡೆಯನಿಲ್ಲದೆ ಧೂಳು ತುಂಬಿದ ಬಲೆಯನ್ನು ಎಂದಾದರೂ ಗುಡಿಸಿರಿ. ಸ್ನಾನದ ತೊಟ್ಟಿಗೆ ಬಿದ್ದು ಹತ್ತಲಾರದುದಕ್ಕೆ ಟವಲಿನ ಅಂಚನ್ನು ಇಳಿಬಿಟ್ಟರೆ ಸಾಕು.

ಬಿಡುವ ಜಾಗವೂ ಮುಖ್ಯ. ಮನೆಯ ಸೂರಿಗೆ ಒಗ್ಗಿದ ಜೀವಿಯನ್ನು ಸುರಿಯುವ ಮಳೆಗೆ ಎಸೆಯುವುದು ದಯೆಯಲ್ಲ. ಕೊಟ್ಟಿಗೆ, ಸೌದೆಯ ರಾಶಿ, ಹೊರಗಿನ ಮಾಡು, ಯಾವುದಾದರೂ ಒಂದು ಮರೆಯಿರಲಿ. ಜಗುಲಿಯ ದೀಪವನ್ನು ಬೇಗ ಆರಿಸಿದರೆ ಹುಳುಗಳು ಕಡಮೆಯಾಗುತ್ತವೆ. ಹುಳುಗಳಿಲ್ಲದೆಡೆಗೆ ಜೇಡವೂ ಹೆಚ್ಚು ಬರುವುದಿಲ್ಲ.

ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ನೋಡಿದೆ. ಎರಡು ಕೊರಡುಗಳ ಸಂದಿಯಲ್ಲಿ ಅದು ಚೀಲವನ್ನು ಅವಚಿಕೊಂಡೇ ಕುಳಿತಿದ್ದಿತು. ಅಜ್ಜಿ ಅಂದು ಒಲೆಗೆ ಸೌದೆಯನ್ನು ರಾಶಿಯ ಇನ್ನೊಂದು ಕಡೆಯಿಂದ ತೆಗೆದರು.